ಗದ್ದೆಗೆ ಇಳಿಸಿದವರಿಗೆ

ಈ ವಾರ ಸೊಸೈಟಿ ಸಾಲದ ಕೊನೆಯ ಕಂತು ಕಟ್ಟಿ ಬಂದೆ. ಪಹಣಿಯಲ್ಲಿ ಯಜಮಾನರ ಹೆಸರಿದ್ದ ಜಾಗದಲ್ಲಿ ಈಗ ನನ್ನ, ಮಕ್ಕಳ ಹೆಸರಿದೆ. ಇದಕ್ಕೆ ಆಸರೆಯಾದ ಎಲ್ಲರ ಮನೆಗೂ ಹೋಗಲಾರೆನೆಂದು ಇಲ್ಲಿ ಬರೆಯುತ್ತಿದ್ದೇನೆ.

2022ರಲ್ಲಿ ಅವರು ತೀರಿಕೊಂಡಾಗ ಗದ್ದೆಯೆಂದರೆ ನನಗೆ ಬುತ್ತಿ ಒಯ್ಯುವ, ಕಳೆ ಕೀಳುವ ಜಾಗ ಅಷ್ಟೆ. ಯಾವ ತಳಿ, ಎಷ್ಟು ಗೊಬ್ಬರ, ಯಾರಿಗೆಷ್ಟು ಬಾಕಿ, ಎಲ್ಲ ಅವರ ತಲೆಯಲ್ಲಿತ್ತು. ಮಾರನೇ ವರ್ಷವೇ ಬರ. ಕನ್ನಂಬಾಡಿ ಅಣೆಕಟ್ಟೆ ತುಂಬಲಿಲ್ಲ, ನಮಗೆ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ನೀರು, ಅಂದರೆ ಸರದಿಯಲ್ಲಿ ಬಿಟ್ಟು ಬಿಟ್ಟು ಹರಿಸುವ ನೀರು. ನಮ್ಮ ತೂಬಿಗೆ ಸರದಿ ಬರುತ್ತಿದ್ದುದು ನಡುರಾತ್ರಿ. ಗಂಡ ಸತ್ತವಳು ರಾತ್ರಿ ಗದ್ದೆಗೆ ಹೋಗ್ತಾಳೆ ಅಂತ ಆಡಿಕೊಂಡವರೂ ಇದ್ದರು. ಅದನ್ನು ಇಲ್ಲಿಗೇ ಬಿಡುತ್ತೇನೆ. ಪಕ್ಕದ ಗದ್ದೆಯ ತಾತನನ್ನು ಮಾತ್ರ ಬಿಡಲಾಗದು. ಎಪ್ಪತ್ತು ದಾಟಿದ ಜೀವ, ಬ್ಯಾಟರಿ ಹಿಡಿದು ಮುಂದೆ ನಡೆದರು. ಆದರೆ ಗದ್ದೆಗೆ ನೀರು ಬಿಡುವ ಮಡೆ ಅವರು ತಿರುಗಿಸಲಿಲ್ಲ. "ಗುದ್ದಲಿ ನೀನೇ ಹಿಡಿ ಕಣವ್ವ, ನಾನು ನಿಂತ್ಕೊಂಡು ಹೇಳ್ತೀನಿ" ಅಂದರು. ಅವತ್ತು ಅವರೇ ಮಾಡಿಕೊಟ್ಟಿದ್ದರೆ ಇವತ್ತಿಗೂ ನಾನು ಇನ್ನೊಬ್ಬರ ದಾರಿ ಕಾಯುತ್ತಿದ್ದೆ. ತಾತ, ನಿಮ್ಮ ಕಾಲಿಗೆ ಶರಣು.

ಕಬ್ಬಿನ ತರಗಿಗೆ, ಅಂದರೆ ಒಣಗರಿಗೆ, ಬೆಂಕಿ ಹಾಕದೆ ಸಾಲಿಗೆ ಹೊದಿಸಿದರೆ ತೇವ ನಿಲ್ಲುತ್ತದೆಂದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೇಳಿಕೊಂಡು ಬಂದು ಹೇಳಿದವರು ಸ್ತ್ರೀಶಕ್ತಿ ಸಂಘದ ಅಕ್ಕಂದಿರು. ಅರ್ಧ ಕಬ್ಬು ಒಣಗಿದ ಆ ವರ್ಷ ಉಳಿದರ್ಧ ಕೈಗೆ ಬಂದದ್ದು ಅದರಿಂದಲೇ. ನಾನು ಅತ್ತದ್ದನ್ನು ಕಂಡವರೂ ಅವರೇ. 2024ರ ಜುಲೈನಲ್ಲಿ ಅಣೆಕಟ್ಟೆ 124.80 ಅಡಿ ಮುಟ್ಟಿ ತುಂಬಿದಾಗ ಬೀದಿಯಿಂದಲೇ ಕೂಗಿ ಹೇಳಿದರು. ಆ ನೀರಿಗೆ ನೆಟ್ಟ ಕಬ್ಬೇ ಸಾಲ ತೀರಿಸಿದ್ದು.

ಜಮೀನಿನ ಭಾಗದ ಮಾತೆತ್ತದೆ ಖಾತೆ ಬದಲಾವಣೆಗೆ ಸಹಿ ಹಾಕಿದ ಮೈದುನನಿಗೆ, ಓದಿನ ನಡುವೆ ಲೆಕ್ಕ ಬರೆದಿಟ್ಟ ಮಗಳಿಗೆ ಏನು ಹೇಳಲಿ?

ಕಷ್ಟ ಬಂದದ್ದು ಒಳ್ಳೆಯದಾಯಿತು ಅಂತ ನಾನು ಹೇಳಲಾರೆ. ಯಜಮಾನರಿದ್ದಿದ್ದರೆ ಇದೇನೂ ಬೇಕಿರಲಿಲ್ಲ. ಆದರೆ ಆಗಿನವಳಲ್ಲ ನಾನೀಗ. ಮೊನ್ನೆ ಆಲೆಮನೆಯಲ್ಲಿ ಹುಡುಗನೊಬ್ಬ, "ಅಕ್ಕ, ಕೂಳೆ ಬಿಡ್ಲಾ, ಹೊಸದಾಗಿ ನಾಟಿ ಮಾಡ್ಲಾ?" ಅಂತ ಕೇಳಿದ. ಕೂಳೆಯೆಂದರೆ ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಬರುವ ಬೆಳೆ. ಅವನ ಮಣ್ಣು, ನೀರು ವಿಚಾರಿಸಿ ಉತ್ತರ ಕೊಟ್ಟೆ. ಯಾರನ್ನೂ ಕೇಳಿ ಹೇಳಿದ್ದಲ್ಲ, ನನ್ನದೇ ಉತ್ತರ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಓಡಾಡುತ್ತಿರುವ ಹೆಣ್ಣುಮಕ್ಕಳು ನಮ್ಮ ಸುತ್ತಮುತ್ತ ಇದ್ದರೆ ನನ್ನ ಹತ್ತಿರ ಕಳಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿಯ ಅರ್ಜಿ ಎಲ್ಲ ಗೊತ್ತಿದೆ. ಜೊತೆಗೆ ಬರುತ್ತೇನೆ.