ಹಂಚು ಒಡೆದದ್ದು ಸಾಕು, ಕೈ ಬಿಡಿಸಿಕೊಳ್ಳೋದು ಕಲಿಸಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಸದಾಶಿವಗಡದವಳು. ಕಾರವಾರ ಪೇಟೆಯಲ್ಲಿ ಒಂದು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆಪತ್ತು ಬಂದಾಗ ಜೀವ ಉಳಿಸಿಕೊಳ್ಳೋದನ್ನೂ ಆತ್ಮರಕ್ಷಣೆಯನ್ನೂ ಜನರಿಗೆ ವಾರವಾರವೂ ಕಲಿಸಿ ಅಂತ ಕೇಳೋಕೆ ಈ ಪತ್ರ. ಇದನ್ನೇ ಅರ್ಜಿ ಮಾಡಿ ನಿಮ್ಮ ಕಚೇರಿಗೆ ಕೊಡಬಹುದಿತ್ತು. ಆದರೆ ಅರ್ಜಿಗೆ ಸೀಲು ಬೀಳುತ್ತದೆ, ಒಂದು ನಂಬರು ಸಿಗುತ್ತದೆ, ಅಲ್ಲಿಗೆ ಮುಗೀತು. ನಾಲ್ಕು ಜನ ಓದುವ ಕಡೆ ಬರೆದರೆ ನಾಲ್ಕು ಜನ ನಿಮ್ಮನ್ನು ಕೇಳುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಾತು ಸ್ವಲ್ಪ ನೇರ ಆದರೆ ಬೇಜಾರು ಮಾಡ್ಕೋಬೇಡಿ.

2025ರ ಮೇ ತಿಂಗಳು. ಆಪರೇಷನ್ ಸಿಂಧೂರದ ಸಮಯ. ದೇಶದ 244 ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ಮಾಡಿ ಅಂತ ಕೇಂದ್ರ ಸರ್ಕಾರ ಹೇಳಿತು. ಕರ್ನಾಟಕದಿಂದ ಬೆಂಗಳೂರು, ರಾಯಚೂರಿನ ಜೊತೆ ನಮ್ಮ ಕಾರವಾರದ ಹೆಸರೂ ಪಟ್ಟಿಯಲ್ಲಿತ್ತು. ಯಾಕೆ ಅಂತ ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಕಡೆ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ, ಮೇಲೆ ಕಾಳಿ ನದಿಗೆ ಕಟ್ಟಿದ ಅಣೆಕಟ್ಟುಗಳು. ಆ ವಾರ ಅಂಗಡಿಗೆ ಬಂದವರ ಬಾಯಲ್ಲೆಲ್ಲ ಸೈರನ್ನಿನದೇ ಮಾತು. ಲೈಟ್ ಆಫ್ ಮಾಡಬೇಕಂತೆ, ಮಂಚದ ಕೆಳಗೆ ಮಲಗಬೇಕಂತೆ, ವಾಟ್ಸಾಪಿನಲ್ಲಿ ಬಂದಿದ್ದೆಲ್ಲ ಹೇಳುತ್ತಿದ್ದರು. ಒಬ್ಬ ಅಜ್ಜ ಮಾತ್ರ ಹಳೇ ಚೀಟಿ ಹಿಡಿದು ಬಂದು, ಮೂರು ತಿಂಗಳ ಬಿಪಿ ಮಾತ್ರೆ ಒಟ್ಟಿಗೆ ಕೊಡು ಮಗಾ ಅಂದರು. ನನ್ನ ಪ್ರಕಾರ ಅವತ್ತು ಇಡೀ ಊರಿನಲ್ಲಿ ನಿಜವಾಗಿ ತಯಾರಿ ಮಾಡಿಕೊಂಡವರು ಅವರೊಬ್ಬರೇ.

ಸೈರನ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಅಪಾಯ ಬಂತು ಅಂತ ಹೇಳುತ್ತದೆ, ಬಂದ ಮೇಲೆ ಏನು ಮಾಡಬೇಕು ಅನ್ನೋದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ. ಅದೂ ಅಲ್ಲದೆ ನಮ್ಮ ಜಿಲ್ಲೆಗೆ ಇಲ್ಲಿಯವರೆಗೆ ಬಂದ ಆಪತ್ತು ಯಾವುದೂ ಸೈರನ್ ಕೂಗಿ ಬಂದಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು, ಚಹಾ ಅಂಗಡಿಯ ಸಂಸಾರವನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. 11 ಜನ ಹೋದರು. ಅದಾಗಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ನಮ್ಮ ಮನೆಗೆ ಹೋಗುವ ದಾರಿಯಲ್ಲೇ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿದ. ಹೇಗೆ? ದೋಣಿ ತೆಗೆದುಕೊಂಡು ಹೋದ ಮೀನುಗಾರರಿಂದ. ದೊಡ್ಡ ಪಡೆ, ದೊಡ್ಡ ಯಂತ್ರ ಎಲ್ಲ ಆಮೇಲೆ ಬರುತ್ತದೆ, ಬರಲೇಬೇಕು. ಮೊದಲ ಅರ್ಧ ಗಂಟೆ ಮಾತ್ರ ಪಕ್ಕದ ಮನೆಯವರದು, ಇಲ್ಲ ಅಂದರೆ ನಮ್ಮದೇ.

ಈಗ ಆತ್ಮರಕ್ಷಣೆಯ ವಿಷಯ. ನಿಮಗೆ ಇದು ಬೇರೆ ಇಲಾಖೆ, ಬೇರೆ ಫೈಲು ಅನಿಸಬಹುದು. ರಾತ್ರಿ ಒಂಬತ್ತಕ್ಕೆ ಅಂಗಡಿಯ ಶಟರ್ ಎಳೆದು ಒಬ್ಬಳೇ ಬಸ್ಸಿಗೆ ಕಾಯುವವಳಿಗೆ ಎರಡೂ ಒಂದೇ, ಯಾಕಂದ್ರೆ ಎರಡರಲ್ಲೂ ಸಹಾಯ ಬರುವ ಮುಂಚಿನ ಹೊತ್ತನ್ನು ದಾಟಬೇಕು. ಕಾಯಿಲೆಯೂ ಒಂದೇ: ಪ್ರದರ್ಶನ ಇದೆ, ಅಭ್ಯಾಸ ಇಲ್ಲ.

ನನ್ನ ಮಗಳ ಕಾಲೇಜಿನಲ್ಲಿ ಒಂದು ದಿನದ ಆತ್ಮರಕ್ಷಣಾ ಶಿಬಿರ ನಡೆಯಿತು. ಪೋಷಕರೂ ಬರಬಹುದು ಅಂದಿದ್ದಕ್ಕೆ ನಾನೂ ಹೋಗಿದ್ದೆ. ಸ್ವಾಗತ, ದೀಪ, ಶಾಲು, ಭಾಷಣ, ಅಷ್ಟೊತ್ತಿಗೆ ಹನ್ನೊಂದೂವರೆ. ತರಬೇತುದಾರರು ಮುಂದೆ ಬಂದು ಹಂಚಿನ ಸಾಲು ಇಟ್ಟು ಒಂದೇ ಏಟಿಗೆ ಒಡೆದರು. ಚಪ್ಪಾಳೆ. ಹುಡುಗಿಯರು ಬಿಸಿಲಿನಲ್ಲಿ ಸಾಲಾಗಿ ಕೂತು ನೋಡಿದರು, ಕೊನೆಗೆ ಹತ್ತು ನಿಮಿಷ ಎದ್ದು ನಿಂತು ಗಾಳಿಗೆ ಗುದ್ದಿದರು, ಫೋಟೊ ಆಯಿತು, ಪ್ರಮಾಣಪತ್ರ ಬಂತು. ಹಂಚು ಒಡೆಯೋಕೆ ನಮ್ಮ ಕಡೆ ಮಂಗಗಳೇ ಸಾಕು ಸಾರ್, ಅದಕ್ಕೆ ಶಿಬಿರ ಬೇಡ.

ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು ಅಂತ ನನಗೆ ಗೊತ್ತಾಗಿದ್ದು ನಮ್ಮ ಪಕ್ಕದ ಮನೆಯ ಮಾಜಿ ಸೈನಿಕರೊಬ್ಬರು ನನ್ನ ಮಗಳಿಗೆ ಅಂಗಳದಲ್ಲಿ ಕಲಿಸುವಾಗ. ಯಾರಾದರೂ ಮಣಿಕಟ್ಟು ಹಿಡಿದರೆ ಹಿಂದಕ್ಕೆ ಜಗ್ಗುವುದು ಎಲ್ಲರಿಗೂ ತೋಚುವ ಮೊದಲ ಬುದ್ಧಿ. ಜಗ್ಗಿದಷ್ಟೂ ಅವನ ನಾಲ್ಕು ಬೆರಳು ಇನ್ನೂ ಬಿಗಿಯಾಗುತ್ತವೆ. ಹಿಡಿತದಲ್ಲಿ ಸಡಿಲ ಇರುವುದು ಹೆಬ್ಬೆರಳೂ ಉಳಿದ ಬೆರಳ ತುದಿಗಳೂ ಸೇರುವ ಕಡೆ. ಆದ್ದರಿಂದ ಮುಷ್ಟಿ ಕಟ್ಟಬೇಕು, ಹಿಂದೆ ಸರಿಯುವ ಬದಲು ಅರ್ಧ ಹೆಜ್ಜೆ ಅವನ ಕಡೆಗೇ ಹೋಗಬೇಕು, ಮಣಿಕಟ್ಟಿನ ತೆಳ್ಳಗಿನ ಅಂಚು ಆ ಸಂದಿಗೆ ಬರುವಂತೆ ತಿರುಗಿಸಬೇಕು, ಮೊಣಕೈ ಮಡಚಿಕೊಂಡೇ ಒಮ್ಮೆಲೇ ಎಳೆಯಬೇಕು. ಬಿಟ್ಟ ತಕ್ಷಣ ಓಡಬೇಕು, ನಿಂತು ಬುದ್ಧಿ ಕಲಿಸೋಕೆ ಹೋಗಬಾರದು. ಕೇಳೋಕೆ ಸುಲಭ. ಮಗಳಿಗೆ ಮೊದಲಿಗೆ ತಮ್ಮನ ಕೈಯಿಂದಲೇ ಬಿಡಿಸಿಕೊಳ್ಳೋಕೆ ಆಗಲಿಲ್ಲ. ಕೆಲವು ವಾರ ದಿನಾ ಸಂಜೆ ಮಾಡಿದ ಮೇಲೆ ಯೋಚನೆ ಇಲ್ಲದೆ ಕೈ ತಾನೇ ತಿರುಗುವ ಹಾಗಾಯಿತು. ಹೆದರಿದಾಗ ತಲೆ ಓಡುವುದಿಲ್ಲ, ರೂಢಿಯಾಗಿದ್ದಷ್ಟೇ ಕೈಗೆ ಬರುತ್ತದೆ.

ಅವರು ಕಲಿಸಿದ ಇನ್ನೊಂದು, ಕೂಗುವುದು. ಎರಡೂ ಅಂಗೈ ಎದೆಯ ಮುಂದೆ ತಂದು, ಎದುರಿನವನಿಂದ ಎರಡು ಕೈ ದೂರ ನಿಂತು, "ಅಲ್ಲೇ ನಿಲ್ಲು, ಹತ್ತಿರ ಬರಬೇಡ" ಅಂತ ಹೊಟ್ಟೆಯಿಂದ ಕೂಗಬೇಕು. ಓದಿದ ಹುಡುಗಿಯರಿಗೆ ಇದೇ ಎಲ್ಲಕ್ಕಿಂತ ಕಷ್ಟ, ಸ್ವರವೇ ಹೊರಡುವುದಿಲ್ಲ. ಈ ಪಾಠಕ್ಕೆ ಬೇರೆ ಊರಿನಿಂದ ಗುರುಗಳನ್ನು ಕರೆಸುವುದೇ ಬೇಡ, ನಮ್ಮ ಮೀನು ಮಾರ್ಕೆಟ್ಟಿನ ಹೆಂಗಸರನ್ನು ಕರೆಯಿರಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಬೆಳಗಿನ ಜಾವ ಕತ್ತಲಲ್ಲಿ ಬುಟ್ಟಿ ಹೊತ್ತು ಬಂದರಿಗೆ ಹೋಗಿ ಗಂಡಸರ ನಡುವೆ ಹರಾಜು ಕೂಗಿ ಬರುವವರು ಅವರು. ಅವರ ಹತ್ತಿರ ಕಲಿಯುವುದು ಜಾಸ್ತಿ ಇದೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಸರ್ಕಾರಿ ಶಾಲೆಯ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ, ಹಾಸ್ಟೆಲ್ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲಿ ಇದೆ. ಒಳ್ಳೆಯದೇ. ಆದರೆ ಮೂರು ತಿಂಗಳ ಮೇಲೆ? ಶಾಲೆ ಬಿಟ್ಟು ಬಟ್ಟೆ ಅಂಗಡಿ, ಹೋಟೆಲು, ನರ್ಸಿಂಗ್ ಹೋಮ್ ಸೇರಿದ ಹುಡುಗಿಗೆ? ಗೇರು ಕಾರ್ಖಾನೆಯಿಂದ ಸಂಜೆ ಮನೆಗೆ ಹೊರಟವಳಿಗೆ? ರಾತ್ರಿ ಪಾಳಿಯ ಆಯಾಗೆ? ನಿಜವಾಗಿ ಕತ್ತಲಲ್ಲಿ ಓಡಾಡುವವರು ಯಾವ ಯೋಜನೆಯ ಪಟ್ಟಿಯಲ್ಲೂ ಇಲ್ಲ. ಹುಡುಗರಂತೂ ಇಲ್ಲವೇ ಇಲ್ಲ, ಅವರಿಗೂ ಕಲಿಸಬೇಕಲ್ವಾ? ಹೊಡೆತ ತಿನ್ನುವವರಲ್ಲಿ ಅವರೂ ಇದ್ದಾರೆ, ಪಕ್ಕದಲ್ಲಿ ಯಾರಿಗೋ ತೊಂದರೆ ಆಗುತ್ತಿದ್ದರೆ ಫೋನ್ ಎತ್ತಿ ವಿಡಿಯೊ ಮಾಡುವವರಲ್ಲೂ ಅವರೇ ಇದ್ದಾರೆ.

ಇನ್ನೊಂದು ಮಾತು ಈ ಶಿಬಿರಗಳಲ್ಲಿ ಯಾರೂ ಎತ್ತುವುದಿಲ್ಲ. ಅತ್ಯಾಚಾರದ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಪರಿಚಯದವನೇ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳುತ್ತದೆ. ಕತ್ತಲಲ್ಲಿ ಹಾರಿ ಬೀಳುವ ಅಪರಿಚಿತನಿಗೆ ಒದೆಯುವುದನ್ನಷ್ಟೇ ಕಲಿಸಿದರೆ, ಮನೆಗೆ ಬಂದು ಹೋಗುವ ನೆಂಟನ ಕೈಯನ್ನು ಹೆಗಲಿನಿಂದ ತೆಗೆದು "ಬೇಡ" ಅನ್ನುವುದನ್ನು ಕಲಿಸುವವರು ಯಾರು? ಅದನ್ನು ಅಮ್ಮನಿಗೆ ಹೇಳುವುದನ್ನು, ಅಮ್ಮ ನಂಬದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳುವುದನ್ನು? ಇದು ಹಂಚು ಒಡೆದು ಬರುವ ವಿದ್ಯೆ ಅಲ್ಲ.

ಅಂಗಡಿಗೆ ಪೆಪ್ಪರ್ ಸ್ಪ್ರೇ ಕೇಳಿಕೊಂಡು ಬರುವವರೂ ಇದ್ದಾರೆ. ಸಮುದ್ರದ ಗಾಳಿಗೆ ಎದುರಾಗಿ ಹೊಡೆದರೆ ನಮ್ಮದೇ ಕಣ್ಣಿಗೆ ಬೀಳುತ್ತದೆ ಅನ್ನುವುದು, ಅದಕ್ಕೂ ಅವಧಿ ಮುಗಿಯುವ ತಾರೀಕು ಇದೆ ಅನ್ನುವುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಕಾನೂನು ಇನ್ನೂ ಗೊತ್ತಿರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ನಮ್ಮ ದೇಹ, ನಮ್ಮ ಆಸ್ತಿ, ಇನ್ನೊಬ್ಬರ ದೇಹವನ್ನೂ ಕಾಪಾಡಿಕೊಳ್ಳುವ ಹಕ್ಕು ಕೊಡುತ್ತವೆ, ಆದರೆ ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಾಗಿಲ್ಲ ಅಂತ 37ನೇ ಕಲಂ ಹೇಳುತ್ತದೆ. 2024ರಲ್ಲಿ ನಮ್ಮ ಹೈಕೋರ್ಟು ಒಂದು ಪ್ರಕರಣದಲ್ಲಿ ಜೀವಕ್ಕೆ ಅಪಾಯ ಇಲ್ಲದಿದ್ದಾಗ ಪೆಪ್ಪರ್ ಸ್ಪ್ರೇ ಹೊಡೆದಿದ್ದನ್ನು ಆತ್ಮರಕ್ಷಣೆ ಅಂತ ಒಪ್ಪಲಿಲ್ಲ. ಈ ನಾಲ್ಕು ಮಾತನ್ನು ಒಬ್ಬ ಮಹಿಳಾ ಪಿಎಸ್‌ಐ ಬಂದು ಕನ್ನಡದಲ್ಲೂ ಕೊಂಕಣಿಯಲ್ಲೂ ಹೇಳಿದರೆ ಅರ್ಧ ಗಂಟೆ ಸಾಕು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡವರೂ ಕೇಳಲಿ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಇಟ್ಟು ಬರುವ ತಲೆಬಿಸಿ ಬಿಟ್ಟರೆ ಅವರಿಗೂ ಬೇರೆ ಯಾರೂ ಏನೂ ಹೇಳಿಕೊಟ್ಟಿಲ್ಲ.

ನೀರಿನ ವಿಷಯ ಬಿಡುವ ಹಾಗಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಬರುವ ದೋಣಿ ಮಗುಚಿದ್ದನ್ನು ಈ ಊರು ಮರೆತಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಕಡೆಯ ನಾಲ್ಕು ಶಾಲಾ ಹುಡುಗಿಯರು ಸಮುದ್ರದಲ್ಲಿ ಹೋದರು. ಸಮುದ್ರ ಒಳಗೆ ಎಳೆಯುತ್ತಿದ್ದರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು. ಮುಳುಗುವವರನ್ನು ನೋಡಿ ಈಜು ಬಾರದವರು ಹಾರಬಾರದು, ಮುಚ್ಚಳ ಬಿಗಿ ಮಾಡಿದ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಬೇಕು. ಮೀನುಗಾರರ ಮಕ್ಕಳಿಗೆ ಇದು ಗೊತ್ತು, ಅದೇ ಕಡಲ ದಂಡೆಯಲ್ಲಿ ಹುಟ್ಟಿದ ನನ್ನಂಥವರ ಮಕ್ಕಳಿಗೆ ಗೊತ್ತಿಲ್ಲ. ರಕ್ತ ಸೋರುವಾಗ ಬಟ್ಟೆ ಒತ್ತಿ ಹಿಡಿಯುವುದು, ಉಸಿರು ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುವುದು, ಇವೂ ಇದರ ಜೊತೆಗೇ ಬರಬೇಕು. ತಲೆಗೆ ದೊಡ್ಡ ಪೆಟ್ಟು ಬಿದ್ದರೆ ಇವತ್ತಿಗೂ ನಾವು ಓಡುವುದು ಗೋವಾಕ್ಕೆ, ಮಣಿಪಾಲಕ್ಕೆ, ಹುಬ್ಬಳ್ಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಎಷ್ಟು ಕೂಗಿದರೂ ಅದು ಬಂದಾಗ ಬಂತು, ಅಲ್ಲಿಯವರೆಗೆ ಆಂಬುಲೆನ್ಸ್ ಹತ್ತುವ ತನಕ ಜೀವ ಹಿಡಿದಿಡುವುದಾದರೂ ನಮಗೆ ಬರಬೇಕಲ್ಲ.

ಹಾಗಾದರೆ ನಾನು ಕೇಳುವುದು ಏನು? ದೊಡ್ಡ ಯೋಜನೆ ಅಲ್ಲ, ಉದ್ಘಾಟನೆಯಂತೂ ಬೇಡವೇ ಬೇಡ. ವಾರಕ್ಕೆ ಒಂದು ಗಂಟೆ, ವರ್ಷವಿಡೀ, ಪಂಚಾಯಿತಿಗೆ ಒಂದು ಕಡೆ, ಸಂಜೆ ಕೆಲಸ ಬಿಟ್ಟು ಬರುವವರಿಗೆ ಆಗುವ ಹೊತ್ತಿನಲ್ಲಿ. ಜಾಗ ಇದೆ: ಸಮುದಾಯ ಭವನಗಳು, ಶಾಲೆಯ ಅಂಗಳ, ಕರಾವಳಿಯಲ್ಲಿ ಕಟ್ಟಿಟ್ಟ ಚಂಡಮಾರುತ ಆಶ್ರಯ ಕಟ್ಟಡಗಳು. ಗಾಳಿ ಏಳದ ದಿನಗಳಲ್ಲಿ ಅವುಗಳಿಗೆ ಬೀಗ ಯಾಕೆ? ಜನ ಇದ್ದಾರೆ: ಗೃಹರಕ್ಷಕರು, ನೌಕಾಪಡೆಯಿಂದಲೂ ಸೈನ್ಯದಿಂದಲೂ ನಿವೃತ್ತರಾಗಿ ಮನೆಯಲ್ಲಿ ಕೂತವರು, ಹಳಿಯಾಳದ ಕುಸ್ತಿಪಟುಗಳು (ಅಲ್ಲಿ ಅಖಾಡಕ್ಕೆ ಇಳಿಯುವ ಹೆಣ್ಣು ಮಕ್ಕಳೂ ಇದ್ದಾರೆ, ಅವರಿಗೊಂದು ಸಂಪಾದನೆಯೂ ಆಯಿತು), ಸಮುದ್ರದ ಪಾಠಕ್ಕೆ ಮೀನುಗಾರರು. ಆಪದ ಮಿತ್ರ ಅಂತ 12 ದಿನದ ತರಬೇತಿ ಕೊಟ್ಟು ಸ್ವಯಂಸೇವಕರನ್ನು ತಯಾರು ಮಾಡುವ ಕೇಂದ್ರದ ಯೋಜನೆ ಇದೆಯಲ್ಲ, ಹಾಗೆ ಕಲಿತವರು ನಮ್ಮ ವಾರ್ಡಿನಲ್ಲಿ ಯಾರಿದ್ದಾರೆ ಅಂತ ಪಂಚಾಯಿತಿ ಬೋರ್ಡಿನ ಮೇಲೆ ಬರೆಸಿ. ಅದರ ಪಕ್ಕದಲ್ಲೇ ತುರ್ತು ಸಹಾಯದ 112, ಕರಾವಳಿ ಕಾವಲು ಪಡೆಯ 1554, ಜಿಲ್ಲಾ ನಿಯಂತ್ರಣ ಕೊಠಡಿಯ 1077 ದೊಡ್ಡ ಅಕ್ಷರದಲ್ಲಿ ಇರಲಿ. ದೇವಿಮನೆ ಘಟ್ಟ, ಅರಬೈಲ್ ಘಟ್ಟ, ಜೋಯಿಡಾದ ಒಳಗಿನ ಹಳ್ಳಿಗಳಲ್ಲಿ ಫೋನ್ ಸಿಗದಿದ್ದರೆ ಈ ನಂಬರುಗಳಿಂದ ಏನು ಪ್ರಯೋಜನ ಅನ್ನುವುದಕ್ಕೆ ಉತ್ತರವನ್ನು ನೀವೇ ಹೇಳಬೇಕು. ಬಸ್ ಸ್ಟಾಪಿನಿಂದ ಕೇರಿಗೆ ಹೋಗುವ ದಾರಿಯ ಬೀದಿದೀಪಗಳನ್ನು ಹಾಕಿಸಿದರೆ ಅದೂ ಆತ್ಮರಕ್ಷಣೆಯ ಖರ್ಚೇ ಅಂತ ಬರೆದುಕೊಳ್ಳಿ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅಧ್ಯಕ್ಷರು ನೀವೇ. ಪೊಲೀಸ್, ಶಿಕ್ಷಣ, ಆರೋಗ್ಯ, ಮೀನುಗಾರಿಕೆ ಎಲ್ಲರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ನಿಮಗಿದೆ, ನನಗಿಲ್ಲ.

ನಮ್ಮ ಕಡೆಯಿಂದ ಶುರು ಮಾಡೋಕೆ ಇಪ್ಪತ್ತು ಹೆಂಗಸರು, ಅವರ ಹೈಸ್ಕೂಲು ಮಕ್ಕಳು ತಯಾರಿದ್ದಾರೆ. ಪಕ್ಕದ ಮನೆಯ ಮಾಜಿ ಸೈನಿಕರು ದುಡ್ಡು ತಗೊಳ್ಳದೆ ಕಲಿಸುತ್ತೇನೆ ಅಂದಿದ್ದಾರೆ. ಮಂಗಳವಾರವೋ ಗುರುವಾರವೋ ಸಂಜೆ ಆದರೆ ಒಳ್ಳೆಯದು, ನಮ್ಮ ಅಂಗಡಿಯ ಯಜಮಾನರು ಒಂದು ಗಂಟೆ ಮೊದಲೇ ಬಿಡಲು ಒಪ್ಪಿದ್ದಾರೆ. ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇದೆ, ಅವರಿಗೆ ಯಾರು ಹೇಳಬೇಕು, ಅಷ್ಟು ತಿಳಿಸಿ.

ಇಂತಿ,
ಸದಾಶಿವಗಡದ ಒಬ್ಬಳು ನಿವಾಸಿ