ಸಾವೊ ಜಾರ್ಜ್ ದ್ವೀಪಕ್ಕೆ ಹೊರಟ ಮಗಳಿಗೆ

ಚಿ|| ಮಾಲತಿಗೆ ಅಪ್ಪನ ಆಶೀರ್ವಾದಗಳು.

ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ ದ್ವೀಪಸಮೂಹ ಅಜೋರ್ಸ್‌ನ ಸಾವೊ ಜಾರ್ಜ್ ದ್ವೀಪದಲ್ಲಿ ಭೂಕಂಪನಮಾಪಕಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಮುಂದಿನ ವಾರವೇ ಹೊರಡಬೇಕೆಂದು ನೀನು ಹೇಳಿದಂದಿನಿಂದ ಆ ದ್ವೀಪದ ನಕ್ಷೆ ನನ್ನ ಮೇಜಿನ ಮೇಲೆಯೇ ಇದೆ. ಉದ್ದ ಸುಮಾರು 54 ಕಿ.ಮೀ., ಅಗಲ ಹೆಚ್ಚೆಂದರೆ 7. ಒಂದೇ ಪರ್ವತ ಉಗುಳಿ ಕಟ್ಟಿದ ನೆಲವಲ್ಲ ಅದು. ಉದ್ದಕ್ಕೂ ಬಿಟ್ಟ ಬಿರುಕುಗಳಿಂದ ಲಾವಾ ಉಕ್ಕಿ, ಸಾಲುಸಾಲಾಗಿ ಶಂಕುಗಳು ಎದ್ದು ಬೆಳೆದದ್ದು. ಇದನ್ನು ನೀನೇ ನನಗೆ ಕಲಿಸುವಷ್ಟು ಬೆಳೆದಿದ್ದೀಯೆ ಎಂಬುದು ನನ್ನ ಹೆಮ್ಮೆ.

ಆದರೂ ನನ್ನ ಮನಸ್ಸು ಉರ್ಜೆಲಿನಾ ಎಂಬ ಊರನ್ನು ಬಿಟ್ಟು ಕದಲುತ್ತಿಲ್ಲ. 1808ರ ಮೇ ತಿಂಗಳಲ್ಲಿ ಅದರ ಮೇಲಿನ ಬೆಟ್ಟ ಬಿರಿದು, ಲಾವಾ ಇಳಿದು ಇಗರ್ಜಿಯನ್ನು ನುಂಗಿತು. ಉಳಿದದ್ದು ಗಂಟೆಗೋಪುರವೊಂದೇ, ಅದು ಇಂದಿಗೂ ನಿಂತಿದೆ. ನನ್ನನ್ನು ಕಾಡುವುದು ಆ ಲಾವಾ ಅಲ್ಲ. ಲಾವಾ ಬರುವುದನ್ನು ಕಂಡು ಜನ ದೂರ ಸರಿಯಬಹುದು. ಸುಡುವ ಬೂದಿ ಮತ್ತು ಅನಿಲದ ಮೋಡವೊಂದು ಇಳಿಜಾರಿನಲ್ಲಿ ನುಗ್ಗಿತಲ್ಲ, 30ಕ್ಕೂ ಹೆಚ್ಚು ಜನರ ಪ್ರಾಣ ಹೋದದ್ದು ಅದರಿಂದ. 1580ರ ಸ್ಫೋಟದಲ್ಲಿಯೂ ಇಂಥದೇ ಮೋಡ ಜನರನ್ನು ಬಲಿ ತೆಗೆದುಕೊಂಡಿತ್ತು. ನಿಧಾನವಾಗಿ ಹರಿಯುವ ಲಾವಾವನ್ನು ದಿನಗಟ್ಟಲೆ ನೋಡಿ ನೋಡಿ ಅಭ್ಯಾಸವಾದವರಿಗೆ ಆ ಮೋಡ ಯೋಚಿಸಲೂ ಬಿಡುವು ಕೊಟ್ಟಿರಲಾರದು ಎಂಬುದನ್ನೇ ರಾತ್ರಿಯೆಲ್ಲ ನೆನೆಯುತ್ತೇನೆ.

2022ರ ಮಾರ್ಚ್‌ನಲ್ಲಿ ಆ ದ್ವೀಪದ ವೆಲಾಸ್ ಪಟ್ಟಣದ ಸುತ್ತ ಸಾವಿರಾರು ಕಂಪನಗಳಾದಾಗ ಅನೇಕರು ದ್ವೀಪ ಬಿಟ್ಟು ಹೋದರು. ನೆಲದಾಳದ ಕರಗಿದ ಕಲ್ಲು, ಅಂದರೆ ಶಿಲಾಪಾಕ, ಮೇಲೇರಿ ಬಂದರೂ ನೆಲವನ್ನು ಸೀಳದೆ ನಿಂತಿತು. ಅಂದು ಏನೂ ಆಗಲಿಲ್ಲವೆಂದು ಯಾರಾದರೂ ಹೇಳಿದರೆ ತಲೆದೂಗಬೇಡ. ಏನೂ ಆಗದ ದಿನಗಳಲ್ಲಿಯೂ ಯಂತ್ರಗಳನ್ನು ಅಷ್ಟೇ ಶ್ರದ್ಧೆಯಿಂದ ನೋಡು, ತೆರವಿನ ಆದೇಶ ಬಂದರೆ ಇನ್ನೊಂದು ದಾಖಲೆ ಬಾಕಿಯಿದೆ ಎಂದು ಹಿಂದುಳಿಯಬೇಡ. ಕಡಿದಾದ ಬಂಡೆಗಳ ಬುಡದಲ್ಲಿ ಕಡಲಿಗೆ ಚಾಚಿಕೊಂಡಿರುವ ತಗ್ಗು ನೆಲಗಳನ್ನು ಅಲ್ಲಿಯವರು ಫಜಾ ಎನ್ನುತ್ತಾರೆ. ಕೆಲವು ಲಾವಾ ಕಡಲಿಗಿಳಿದು ಆದವು, ಕೆಲವು ಬಂಡೆ ಕುಸಿದು ಆದವು. 1757ರ ಜುಲೈನಲ್ಲಿ ಸುಮಾರು ಸಾವಿರ ಜನರನ್ನು ಕೊಂದ ಭೂಕಂಪದಲ್ಲಿಯೂ ಹಾಗೆ ಕುಸಿದಿತ್ತು. ನೆಲ ಅಲುಗಿದ ದಿನ ಅಲ್ಲಿಗೆ ಇಳಿಯಲೇಬೇಡ.

ಹೊರಡುವ ಹುರುಪಿನಲ್ಲಿರುವವಳಿಗೆ ಇಷ್ಟೊಂದು ಸಾವಿನ ಮಾತು ಬರೆದದ್ದಕ್ಕೆ ಬೇಸರಿಸಬೇಡ, ಮಗಳೇ. ಬೇಡವೆನ್ನಲು ಬರೆದದ್ದಲ್ಲ, ಆ ದ್ವೀಪದವರಿಗೆ ಮುನ್ಸೂಚನೆ ಕೊಡುವವರಲ್ಲಿ ನೀನೂ ಒಬ್ಬಳಾಗುವುದು ನನಗೆ ಬೇಕು. ವೆಲಾಸ್ ತಲುಪಿದ ಕೂಡಲೇ ನಿನ್ನ ಮನೆ ಯಾವ ಇಳಿಜಾರಿನಲ್ಲಿದೆ, ಬಂದರಿಗೆ ಎಷ್ಟು ದೂರ ಎಂಬುದನ್ನು ತಿಳಿಸು. ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಇಂತು,
ನಿನ್ನ ಅಪ್ಪ