ಮನೆಗೆ ಕಳುಹಿಸುವ ಮುನ್ನ ಐದು ದಿನ ಬರೆದಿಡಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ಆಟಿಸಂ ಇರುವ ಮಕ್ಕಳ ಮನೆಗೆ ಫೋನ್ ಬರತೊಡಗುತ್ತದೆ: ‘ಇವತ್ತೂ ಗಲಾಟೆ, ಬಂದು ಕರೆದುಕೊಂಡು ಹೋಗಿ.’ ಬರೆಯುವ ಹೊತ್ತಿಗೆ ಸ್ಲೇಟು ಎಸೆಯುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ, ಪಕ್ಕದವರನ್ನು ಚಿವುಟುತ್ತಾನೆ. ಇಡೀ ತರಗತಿಯನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿಯ ಪಾಡು ನಮಗೆ ಗೊತ್ತು. ಆದರೆ ಬರವಣಿಗೆ ಬೇಡವೆಂದು ಸ್ಲೇಟು ಎಸೆದವನನ್ನು ಮನೆಗೆ ಕಳುಹಿಸಿದರೆ ಅವನು ಕೇಳಿದ್ದನ್ನೇ ಕೊಟ್ಟಂತಾಯಿತು. ನಾಳೆ ಸ್ಲೇಟು ಇನ್ನೂ ಬೇಗ ಹಾರುತ್ತದೆ. ಮಾತು ಬಾರದ ಮಗುವಿಗೆ ‘ಸಾಕು’ ಎನ್ನಲು ತಿಳಿದಿರುವ ದಾರಿ ಅದೊಂದೇ ಇರಬಹುದು.

ವರ್ತನಾ ವಿಜ್ಞಾನದ ತಿರುಳು ಇಷ್ಟೇ: ಒಂದು ನಡವಳಿಕೆ ಪದೇ ಪದೇ ಬರುತ್ತಿದೆಯೆಂದರೆ ಅದರಿಂದ ಏನೋ ದೊರೆಯುತ್ತಿದೆ. ಒಲ್ಲದ ಕೆಲಸ ತಪ್ಪುತ್ತದೆ, ಯಾರೋ ತಿರುಗಿ ನೋಡುತ್ತಾರೆ, ಬೇಕಾದ ವಸ್ತು ಸಿಗುತ್ತದೆ, ಇಲ್ಲವೇ ಆ ಕ್ರಿಯೆಯಿಂದಲೇ ಮೈಗೆ ಹಿತವಾಗುತ್ತದೆ. ಇಬ್ಬರು ಮಕ್ಕಳು ಒಂದೇ ರೀತಿ ಕೈ ಕಚ್ಚಿಕೊಂಡರೂ ಕಾರಣ ಬೇರೆ ಇರಬಹುದು, ಹಾಗಾಗಿ ಪರಿಹಾರವೂ ಬೇರೆ. ಅಮೆರಿಕದ ಸಂಶೋಧಕರಾದ ಕಾರ್ ಮತ್ತು ಡ್ಯುರಾಂಡ್ ಇದನ್ನು 1985ರಲ್ಲೇ ತೋರಿಸಿದರು. ಕೆಲಸ ಕಷ್ಟವೆಂದು ರಂಪ ಮಾಡುವ ಮಗುವಿಗೆ ಸಹಾಯ ಕೇಳುವ ಮಾತು ಕಲಿಸಿದಾಗ ರಂಪ ಇಳಿಯಿತು. ಕಾರಣಕ್ಕೆ ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ.

ಕಾರಣ ಹುಡುಕಲು ನಾಲ್ಕು ಕಾಲಂ ಎಳೆದ ಒಂದು ನೋಟ್‌ಬುಕ್ ಸಾಕು. ಸಮಯ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಕೂಡಲೇ ಏನಾಯಿತು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ‘ಹಠ ಮಾಡಿದ’, ‘ಕೋಪ ಬಂತು’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಬರೆಯಬೇಕಾದ್ದು ಹೀಗೆ: ‘10.40. ಬೋರ್ಡಿನಿಂದ ಐದು ಸಾಲು ಬರೆದುಕೊಳ್ಳಲು ಹೇಳಿದೆ. ಮೂರನೇ ಸಾಲಿಗೆ ಸ್ಲೇಟು ನೆಲಕ್ಕೆ ಎಸೆದ. ಆಯಾ ಹೊರಗೆ ಕರೆದೊಯ್ದರು.’ ಐದು ದಿನ ಬರೆದು, ಕೊನೆಯ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ. ‘ಹೊರಗೆ ಕರೆದೊಯ್ದರು’ ಎಂದೇ ಮತ್ತೆ ಮತ್ತೆ ಬಂದಿದ್ದರೆ ಕಾರಣ ಬಹುಮಟ್ಟಿಗೆ ಸಿಕ್ಕಿದಂತೆ. ಮಗು ನೆಮ್ಮದಿಯಾಗಿದ್ದ ಹೊತ್ತನ್ನೂ ಗುರುತು ಹಾಕಿಕೊಳ್ಳಿ, ಅಲ್ಲಿಯೂ ಸುಳಿವಿರುತ್ತದೆ. ಈ ವರ್ತನೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮಾತ್ರ ನೋಟ್‌ಬುಕ್ ಆಮೇಲೆ, ಮೊದಲು ವೈದ್ಯರು. ಹಲ್ಲುನೋವು, ಕಿವಿನೋವು, ಮಲಬದ್ಧತೆಗಳನ್ನು ಹೇಳಲಾರದ ಮಕ್ಕಳು ತಲೆ ಚಚ್ಚಿಕೊಳ್ಳುವುದುಂಟು.

ಕೆಲಸ ತಪ್ಪಿಸಿಕೊಳ್ಳುವುದೇ ಕಾರಣವಾಗಿದ್ದರೆ ‘ಸಾಕು’ ಕಾರ್ಡು ಕಲಿಸಿ. ಅರ್ಧ ಪೋಸ್ಟ್‌ಕಾರ್ಡಿನಷ್ಟು ದಪ್ಪ ರಟ್ಟು, ಅದರ ಮೇಲೆ ಎತ್ತಿದ ಅಂಗೈಯ ಚಿತ್ರ, ಮೇಲೊಂದು ಅಗಲ ಟೇಪು. ಕೈಗೆ ಸಿಗುವಂತೆ ಡೆಸ್ಕಿನ ತುದಿಗೆ ವೆಲ್ಕ್ರೋದಿಂದ ಅಂಟಿಸಬೇಕು. ಮೂರನೇ ಸಾಲಿಗೆ ಸ್ಲೇಟು ಹಾರುವುದಾದರೆ ಎರಡನೇ ಸಾಲು ಮುಗಿಯುತ್ತಲೇ, ಮಗು ಇನ್ನೂ ಶಾಂತವಾಗಿರುವಾಗ, ಹಿಂದೆ ಕುಳಿತ ಇನ್ನೊಬ್ಬರು ಅದರ ಕೈಯನ್ನು ಮೆಲ್ಲಗೆ ಕಾರ್ಡಿನತ್ತ ಒಯ್ಯುತ್ತಾರೆ. ಮಗು ಕೈ ಎಳೆದುಕೊಂಡರೆ ಬಲವಂತ ಬೇಡ, ಕಾರ್ಡಿನತ್ತ ಬೆರಳು ತೋರಿಸಿದರಾಯಿತು. ಕಾರ್ಡು ತನ್ನ ಕೈಗೆ ಬಂದ ತಕ್ಷಣ ಶಿಕ್ಷಕಿ ‘ಸಾಕಾ? ಸರಿ’ ಎಂದು ಸ್ಲೇಟು ಸರಿಸಿ ಎರಡು ನಿಮಿಷ ಬಿಡುವು ಕೊಡಬೇಕು, ಆಮೇಲೆ ಮತ್ತೆ ಕೆಲಸ. ದಿನ ಕಳೆದಂತೆ ಸಹಾಯ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಬರೀ ಸನ್ನೆಗೆ ಇಳಿಯಬೇಕು.

ಎಡವಟ್ಟಾಗುವುದು ಇಲ್ಲೇ. ಮೊದಲ ದಿನವೇ ‘ಇನ್ನೊಂದು ಸಾಲು ಬರಿ, ಆಮೇಲೆ’ ಎಂದರೆ ಕಾರ್ಡಿಗಿಂತ ಸ್ಲೇಟು ಎಸೆಯುವುದೇ ವಾಸಿ ಎಂದು ಮಗು ಕಲಿಯುತ್ತದೆ. ಮೊದಲ ವಾರ ಮಗು ದಿನಕ್ಕೆ ಇಪ್ಪತ್ತು ಸಲ ಕಾರ್ಡು ಕೊಟ್ಟರೂ ಇಪ್ಪತ್ತು ಸಲವೂ ಬಿಡುವು ಸಿಗಲೇಬೇಕು, ಸಾಲು ಹೆಚ್ಚಿಸುವುದು ಆಮೇಲಿನ ಮಾತು. ಸ್ಲೇಟು ಎಸೆದ ಮೇಲೆ ಕಾರ್ಡು ಕೈಗೆ ಕೊಡಿಸಿದರೆ ‘ಮೊದಲು ಎಸೆ, ಆಮೇಲೆ ಕೊಡು’ ಎಂಬ ಜೋಡಿಯೇ ಅಭ್ಯಾಸವಾಗುತ್ತದೆ. ಕಾರ್ಡು ಬೀರುವಿನಲ್ಲಿದ್ದರೆ ಇಲ್ಲದಂತೆಯೇ ಲೆಕ್ಕ. ಜೊತೆಗೆ, ಐದು ಸಾಲು ಆ ಮಗುವಿಗೆ ಹೆಚ್ಚಾಯಿತೇ, ಬಳಪ ಹಿಡಿಯಲು ಬೆರಳುಗಳಿಗೆ ಬಲವಿದೆಯೇ ಎಂಬುದನ್ನೂ ನೋಡಬೇಕು.

ಇನ್ನೊಂದು ಎಚ್ಚರಿಕೆ. ಇಷ್ಟು ದಿನ ಕಿರುಚಿದರೆ ಸಿಗುತ್ತಿದ್ದ ಮೊಬೈಲು ಇಂದಿನಿಂದ ಸಿಗದು ಎಂದಾಗ ಕಿರುಚಾಟ ಮೊದಲು ಏರಬಹುದು, ಆಮೇಲೆ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಸೋತು ಮೊಬೈಲು ಕೊಟ್ಟರೆ ಆ ದೊಡ್ಡ ಕಿರುಚಾಟವೇ ಇನ್ನು ಮುಂದಿನ ಅಳತೆ. ಆದ್ದರಿಂದ ಕೇಳುವ ಬೇರೆ ದಾರಿಯನ್ನು ಕಲಿಸದೆ ಸುಮ್ಮನೆ ‘ಗಮನ ಕೊಡಬೇಡಿ’ ಎಂದು ಸಲಹೆ ಕೊಡುವುದು ತಪ್ಪು. ಮಗು ತನಗೇ ಗಾಯ ಮಾಡಿಕೊಳ್ಳುತ್ತಿರುವಾಗ ಅಂಥ ಸಲಹೆ ಅಪಾಯ.

ಬೌದ್ಧಿಕ ಅಂಗವೈಕಲ್ಯ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ದಿನದ ಕೆಲಸ ಕಲಿಸಲೂ ಇದೇ ವಿಜ್ಞಾನ ಬಳಕೆಗೆ ಬರುತ್ತದೆ. ಬಿಸಿಯೂಟಕ್ಕೆ ಮುನ್ನ ಕೈ ತೊಳೆಯುವುದನ್ನೇ ತೆಗೆದುಕೊಳ್ಳಿ: ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸು. ಕಲಿಸುವುದನ್ನು ಕೊನೆಯಿಂದ ಶುರು ಮಾಡಬಹುದು. ಆರು ಹಂತಕ್ಕೆ ನೀವು ಕೈ ಜೋಡಿಸಿ, ಒರೆಸುವುದನ್ನು ಮಗುವಿಗೆ ಬಿಡಿ. ಒರೆಸಿದೊಡನೆ ತಟ್ಟೆಯತ್ತ ನಡೆಯಬಹುದು. ಮೂರು ದಿನ ತಾನಾಗಿ ಒರೆಸಿದರೆ ನಲ್ಲಿ ನಿಲ್ಲಿಸುವುದನ್ನೂ ಬಿಟ್ಟುಕೊಡಿ. ಪ್ರತಿ ಹಂತಕ್ಕೂ ‘ಸೋಪು ತಗೋ, ಉಜ್ಜು, ಉಜ್ಜು’ ಎನ್ನುತ್ತಿದ್ದರೆ ಮಗು ನಲ್ಲಿಯನ್ನು ಬಿಟ್ಟು ನಿಮ್ಮ ಮಾತಿಗೇ ಕಾಯುತ್ತದೆ. ಕೈಯ ಸಹಾಯ ಬಿಡಿಸುವುದು ಸುಲಭ, ಮಾತಿನ ಸಹಾಯ ಬಿಡಿಸುವುದು ಕಷ್ಟ.

ಈ ವಿಜ್ಞಾನದ ಹೆಸರಿನಲ್ಲಿ ಕ್ರೌರ್ಯವೂ ನಡೆದಿದೆ ಎಂಬುದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ 1960ರ ದಶಕದಲ್ಲಿ ಏಟು, ವಿದ್ಯುತ್ ಆಘಾತಗಳನ್ನೂ ಬಳಸಿದ್ದರು. ಕಣ್ಣಿಗೆ ಕಣ್ಣಿಟ್ಟು ನೋಡೆಂದು, ಕೈ ಆಡಿಸಬೇಡವೆಂದು ಒತ್ತಾಯಿಸಿದ್ದು ಎಷ್ಟು ನೋವುಂಟು ಮಾಡಿತೆಂದು ಆಟಿಸಂ ಇರುವ ವಯಸ್ಕರೇ ಹೇಳುತ್ತಿದ್ದಾರೆ. ಅವರ ಮಾತನ್ನು ನಾವು ಒಪ್ಪುತ್ತೇವೆ. ಯಾರಿಗೂ ತೊಂದರೆ ಕೊಡದೆ ಕೈ ಆಡಿಸುವುದನ್ನು ನಿಲ್ಲಿಸುವುದು ಕಲಿಕೆಯ ಗುರಿಯಾಗಬಾರದು. ಕೇಳುವುದು, ತಿನ್ನುವುದು, ಶೌಚಕ್ಕೆ ಹೋಗುವುದು, ರಸ್ತೆ ದಾಟುವುದು, ‘ಬೇಡ’ ಎನ್ನುವುದು, ಇವು ಗುರಿ. ಥೆರಪಿ ಕೇಂದ್ರಗಳಲ್ಲಿ ಪೋಷಕರು ‘ದಿನಕ್ಕೆ ಎಷ್ಟು ಗಂಟೆ?’ ಎಂದು ಕೇಳುವುದರ ಜೊತೆಗೆ ‘ಈ ವಾರದ ದಾಖಲೆ ತೋರಿಸಿ, ನಾನೂ ಒಳಗೆ ಕೂರುತ್ತೇನೆ’ ಎನ್ನಲಿ. ಬಾಗಿಲು ಹಾಕಿಕೊಳ್ಳುವವರ ಕೈಗೆ ಮಗುವನ್ನು ಒಪ್ಪಿಸಬೇಡಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಎಲ್ಲರೊಡನೆ ಕೂತು ಕಲಿಯುವ ಅವಕಾಶವನ್ನೂ ಅದು ಕೇಳುತ್ತದೆ. ಶಾಲೆಯವರು ಫೋನ್ ಮಾಡಬೇಕಾದ್ದು ಮೊದಲು ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರಿಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಗಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಿಗೆ. ಅವರ ಮೇಲೆ ಈಗಾಗಲೇ ಬೇಕಾದಷ್ಟು ಶಾಲೆಗಳ ಹೊರೆಯಿದೆ, ಇಲಾಖೆ ಆ ಹುದ್ದೆಗಳನ್ನು ಹೆಚ್ಚಿಸಲಿ. ಅವರು ಶಾಲೆಗೆ ಬಂದಾಗ ಮಗುವನ್ನು ಬೇರೆ ಕೋಣೆಗೆ ಕರೆದೊಯ್ದು ಪಾಠ ಹೇಳುವ ಬದಲು, ಸ್ಲೇಟು ಹಾರುವ ಆ 10.40ರ ಪೀರಿಯಡ್‌ಗೇ ಬಂದು ತರಗತಿಯ ಹಿಂದೆ ಕೂರುವಂತೆ ವೇಳಾಪಟ್ಟಿ ಮಾಡಿಕೊಡಲಿ.

– ಇಬ್ಬರು ವಿಶೇಷ ಶಿಕ್ಷಕಿಯರು, ಮೈಸೂರು